ಏಟು ಬಿದ್ದರೆ ಸತ್ಯ ಬರುತ್ತದೆ ಎಂಬ ನಂಬಿಕೆ

ಕುಂದಾಪುರದ ಶಾಸ್ತ್ರಿ ಸರ್ಕಲ್ ಇರಲಿ, ಬೈಂದೂರು, ಬ್ರಹ್ಮಾವರದ ಬಸ್ ನಿಲ್ದಾಣ ಇರಲಿ, ಕಳವಿನ ಇಲ್ಲವೇ ಕೊಲೆಯ ಪ್ರಕರಣದಲ್ಲಿ ಯಾರನ್ನೋ ಠಾಣೆಗೆ ಕರೆದೊಯ್ದರು ಎಂಬ ಸುದ್ದಿ ಹಬ್ಬಿದ ಕೂಡಲೇ ಒಂದು ಮಾತು ಕೇಳುತ್ತದೆ: ನಾಕ್ ಬಿಟ್ರೆ ಎಲ್ಲ ಬಾಯ್ ಬಿಡ್ತ. ಪತ್ರಿಕೆಗಳು ಇದನ್ನೇ ಸ್ವಲ್ಪ ಮರ್ಯಾದೆಯ ಮಾತಿನಲ್ಲಿ, ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಿಸಿದಾಗ ಆರೋಪಿ ತಪ್ಪೊಪ್ಪಿಕೊಂಡ ಎಂದು ಬರೆಯುತ್ತವೆ. ಓದು ಬಲ್ಲವರೂ ಅಲ್ಲಿಗೆ ಪ್ರಕರಣ ಮುಗಿಯಿತೆಂದು ಮುಂದಿನ ಪುಟಕ್ಕೆ ಹೋಗುತ್ತಾರೆ. ಅಂಥವರು ಕುಶಾಲನಗರದ ಬಳಿಯ ಒಬ್ಬ ಕೂಲಿಕಾರ್ಮಿಕನ ಪ್ರಕರಣವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ಆತ ದೂರು ಕೊಟ್ಟ. ಆಮೇಲೆ ಬೆಟ್ಟದಪುರದಲ್ಲಿ ಸಿಕ್ಕಿದ ಅಸ್ಥಿಪಂಜರ ಅವಳದ್ದೇ ಎಂದು ತೀರ್ಮಾನಿಸಿದ ಪೊಲೀಸರು ಆತನ ಮೇಲೆಯೇ ಕೊಲೆ ಆರೋಪ ಹೊರಿಸಿದರು. ಬಲವಂತವಾಗಿ ತಪ್ಪೊಪ್ಪಿಗೆ ಪಡೆದರು ಎಂಬುದು ಆತನ ದೂರು. ಒಂದೂವರೆ ವರ್ಷದಷ್ಟು ಕಾಲ ಜೈಲು. ಡಿಎನ್ಎ ಹೊಂದಲಿಲ್ಲ, ಆದರೂ ವಿಚಾರಣೆ ನಿಲ್ಲಲಿಲ್ಲ. 2025ರ ಏಪ್ರಿಲ್ 1ರಂದು ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಾಣಿಸಿಕೊಂಡಳು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಆಕೆ ಅಂದು ಯಾರ ಕಣ್ಣಿಗೂ ಬೀಳದೆ ಹೋಗಿದ್ದರೆ, ನಡೆಯದ ಕೊಲೆಯ ಕಳಂಕ ಆತನ ತಲೆಯ ಮೇಲೆ ಹಾಗೆಯೇ ಉಳಿಯುತ್ತಿತ್ತು.

ಈ ನಂಬಿಕೆಯ ಪರವಾಗಿ ಮೊದಲು ಬರುವುದು, ಗಟ್ಟಿಯಾಗಿ ವಿಚಾರಿಸುವುದು ಬೇರೆ, ಚಿತ್ರಹಿಂಸೆ ಬೇರೆ ಎಂಬ ವಾದ. ಈ ಗೆರೆಯನ್ನು ಕಾನೂನು ಎಂದೂ ಎಳೆದಿಲ್ಲ. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ತನಿಖಾ ಆಯೋಗ ತನ್ನ ವರದಿ ಕೊಟ್ಟಿತು. ಕುಂದಾಪುರ ಸೇರಿದ್ದ ಕೆನರಾ ಜಿಲ್ಲೆ ಆಗ ಅದೇ ಪ್ರಾಂತ್ಯದಲ್ಲಿತ್ತು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ನಡೆಯುತ್ತಿದ್ದ ಹಿಂಸೆಗಳನ್ನು ಆ ವರದಿ ವಿವರಿಸಿದೆ. ಎರಡು ಕೋಲುಗಳ ಒಂದು ತುದಿ ಕಟ್ಟಿ, ನಡುವೆ ಬೆರಳಿಟ್ಟು ಇನ್ನೊಂದು ತುದಿಯನ್ನು ಅದುಮುವ ಕಿಟ್ಟಿ, ಮೈಯನ್ನು ಬಗ್ಗಿಸಿ ಹಗ್ಗದಲ್ಲಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವ ಅಣ್ಣುಂಡಾಲ್ ಅದರಲ್ಲಿವೆ. 1860ರ ದಂಡ ಸಂಹಿತೆ 330ನೇ ಕಲಮಿನಲ್ಲಿ ಇದನ್ನು ಅಪರಾಧವೆಂದು ಬರೆಯಿತು. ಆ ಕಲಮಿನ ಕೆಳಗೆ ಕೊಟ್ಟ ಮೊದಲ ಉದಾಹರಣೆಯೇ ತಪ್ಪೊಪ್ಪಿಗೆಗಾಗಿ ಚಿತ್ರಹಿಂಸೆ ಕೊಡುವ ಪೊಲೀಸ್ ಅಧಿಕಾರಿ. ಎರಡನೆಯದು, ಕದ್ದ ಮಾಲು ಎಲ್ಲಿದೆ ಎಂದು ತೋರಿಸಲು ಹಿಂಸಿಸುವ ಪೊಲೀಸ್ ಅಧಿಕಾರಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮು. ಶಿಕ್ಷೆ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ. ಮೈಮೇಲೆ ಬಾಸುಂಡೆ ಇಲ್ಲದಿದ್ದರೆ ಹಿಂಸೆಯಲ್ಲ ಎಂಬುದೂ ತಪ್ಪು. ಮಾಹಿತಿಗಾಗಿ ಸರ್ಕಾರಿ ಅಧಿಕಾರಿ ಬೇಕೆಂದೇ ಕೊಡುವ ತೀವ್ರ ಮಾನಸಿಕ ಯಾತನೆಯೂ ಚಿತ್ರಹಿಂಸೆ ಎಂದು 1984ರ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುತ್ತದೆ. ಭಾರತ ಅದಕ್ಕೆ 1997ರಲ್ಲಿ ಸಹಿ ಹಾಕಿತು, ಇಂದಿಗೂ ಅನುಮೋದಿಸಿಲ್ಲ. ಚಿತ್ರಹಿಂಸೆ ತಡೆ ಮಸೂದೆಯನ್ನು 2010ರಲ್ಲಿ ಲೋಕಸಭೆ ಒಪ್ಪಿತು, ರಾಜ್ಯಸಭೆಯ ಒಪ್ಪಿಗೆ ಸಿಗದೆ ಅದು ಅವಧಿ ಮುಗಿದು ಬಿದ್ದುಹೋಯಿತು. ಇದರ ಬಗ್ಗೆ ಒಂದು ಸೊಲ್ಲೂ ಎತ್ತದ ನಾವು ಠಾಣೆಯಲ್ಲಿ ಬೆಂಡೆತ್ತಿದ ಸುದ್ದಿಗೆ ಚಪ್ಪಾಳೆ ತಟ್ಟುತ್ತೇವೆ.

ತಪ್ಪಾದರೂ ಉಪಯೋಗವಿದೆಯಲ್ಲ ಎನ್ನುವುದು ಮುಂದಿನ ಮಾತು, ಮತ್ತು ಮೂಲ ಭ್ರಮೆ ಇರುವುದು ಇಲ್ಲೇ. ಏಟು ತಿನ್ನುವವನಿಗೆ ಬೇಕಾದದ್ದು ಒಂದೇ, ಏಟು ನಿಲ್ಲಬೇಕು. ಯಾವ ಉತ್ತರಕ್ಕೆ ಅದು ನಿಲ್ಲುತ್ತದೋ ಆ ಉತ್ತರ ಅವನ ಬಾಯಿಂದ ಬರುತ್ತದೆ. ತಪ್ಪು ಮಾಡಿದವನು ನಿಜ ಹೇಳಬಹುದು, ಮಾಡದವನು ಸುಳ್ಳು ಒಪ್ಪಿಕೊಳ್ಳಬಹುದು. ಎರಡೂ ಒಂದೇ ದನಿಯಲ್ಲಿ, ಒಂದೇ ಕಣ್ಣೀರಿನಲ್ಲಿ ಬರುವಾಗ ಎದುರು ಕೂತ ಅಧಿಕಾರಿಗೆ ಯಾವುದು ಯಾವುದೆಂದು ತಿಳಿಯುವ ದಾರಿಯೇ ಇಲ್ಲ. ಏನೂ ಗೊತ್ತಿಲ್ಲದವನ ಪಾಡಂತೂ ಇನ್ನೂ ಘೋರ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ಮಂಗಳೂರು ಮೂಲದ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಬೆಂಗಳೂರಿನ ಪೊಲೀಸರು ಹಿಡಿದೊಯ್ದರು. ಭೂಗತರಾಗಿದ್ದ ಅಣ್ಣ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಎಂಬುದೊಂದೇ ಪ್ರಶ್ನೆ. ನಡೆಯಲಾಗದ ಸ್ಥಿತಿಗೆ ಬರುವಷ್ಟು ಹೊಡೆದರು. ಅವರ ತಾಯಿ ಆಲಿಸ್ ರಾಷ್ಟ್ರಪತಿಗೆ ಬರೆದ ಪತ್ರದಲ್ಲಿ ಆ ಯಾತನೆ ದಾಖಲಾಗಿದೆ. ಜಾರ್ಜ್ ಸೆರೆಯಾದದ್ದು ಜೂನ್ 10ರಂದು, ದೂರದ ಕಲ್ಕತ್ತಾದಲ್ಲಿ. ಲಾರೆನ್ಸ್ ಪೊಲೀಸರ ಕೈಗೆ ಸಿಕ್ಕಿ ಅಷ್ಟರಲ್ಲಿ 40 ದಿನ ಕಳೆದಿತ್ತು. ಅಣ್ಣನ ಅಡಗುದಾಣ ಗೊತ್ತಿಲ್ಲದ ತಮ್ಮನ ಮೂಳೆ ಮುರಿಯುವುದರಿಂದ ಅದು ಗೊತ್ತಾಗುವುದು ಹೇಗೆ? ಅಮೆರಿಕದಲ್ಲೂ ಕಥೆ ಬೇರೆಯಲ್ಲ. ಸಿಐಎ ತನ್ನ ಕೈದಿಗಳ ಮೇಲೆ ನಡೆಸಿದ ಕಠಿಣ ವಿಚಾರಣೆಯ ದಾಖಲೆಗಳನ್ನು ಜಾಲಾಡಿದ ಸೆನೆಟ್ ಸಮಿತಿ, ಮಾಹಿತಿ ಪಡೆಯಲು ಅದು ಪರಿಣಾಮಕಾರಿ ವಿಧಾನವಾಗಿರಲಿಲ್ಲ ಎಂದು 2014ರ ಡಿಸೆಂಬರಿನಲ್ಲಿ ಹೇಳಿತು. ಅಲ್ ಲೀಬಿ ಎಂಬ ಕೈದಿ ಈಜಿಪ್ಟಿನ ಸೆರೆಯಲ್ಲಿ ಕೊಟ್ಟ ಹೇಳಿಕೆ, ಇರಾಕ್ ಅಲ್ ಖೈದಾಕ್ಕೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿತೆಂಬ ಮಾತು, 2003ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯಲ್ಲಿ ಯುದ್ಧಕ್ಕೆ ಸಮರ್ಥನೆಯಾಯಿತು. ಮರುವರ್ಷ ಆತ ಅದನ್ನು ಹಿಂತೆಗೆದುಕೊಂಡ. ಅಷ್ಟರಲ್ಲಿ ಒಂದು ದೇಶ ಹಾಳಾಗಿತ್ತು.

ಆದರೂ ಒಂದು ಆಕ್ಷೇಪಕ್ಕೆ ತೂಕವಿದೆ. ಹೊಡೆದ ಮೇಲೆ ಕಳ್ಳ ಚಿನ್ನ ಹೂತಿಟ್ಟ ಜಾಗ ತೋರಿಸಿದ್ದಿಲ್ಲವೇ ಎಂದು ಕೇಳುವವರಿದ್ದಾರೆ. ತೋರಿಸಿದ್ದುಂಟು. ಆದರೆ ಅದು ನಿಜವೆಂದು ಗೊತ್ತಾದದ್ದು ಅಗೆದಾಗ ಚಿನ್ನ ಸಿಕ್ಕಿದ್ದರಿಂದ, ಏಟಿನಿಂದಲ್ಲ. ಹಾಗೆ ಸಿಕ್ಕಿದ ಒಂದು ಸಲವನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತದೆ. ಅದೇ ಕೋಣೆಯಲ್ಲಿ ಅದಕ್ಕೂ ಮುಂಚೆ ಪೆಟ್ಟು ತಿಂದು, ಏನೂ ಸಿಗದೆ, ಮರುದಿನ ಕುಂಟುತ್ತಾ ಮನೆಗೆ ಹೋದವರ ಲೆಕ್ಕ ಇಟ್ಟವರಿಲ್ಲ. ಗೆದ್ದದ್ದನ್ನು ಮಾತ್ರ ಎಣಿಸಿದರೆ ಯಾವ ಔಷಧವೂ ರಾಮಬಾಣವಾಗುತ್ತದೆ. ಸೋತದ್ದನ್ನೂ ಎಣಿಸಿದರೆ ಏನು ಕಾಣುತ್ತದೆ ಎಂಬುದಕ್ಕೆ ಮಲೆ ಮಹದೇಶ್ವರ ಬೆಟ್ಟ ಸಾಕ್ಷಿ. ವೀರಪ್ಪನ್ ಬೇಟೆಯಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು 1990ರ ದಶಕದಲ್ಲಿ ಕಾಡಂಚಿನ ಹಳ್ಳಿಗರನ್ನು ಎಳೆದೊಯ್ದು ಹಿಂಸಿಸಿದ ಜಾಗವನ್ನು ಅಲ್ಲಿಯ ಜನ ವರ್ಕ್‌ಶಾಪ್ ಎನ್ನುತ್ತಿದ್ದರು. ನ್ಯಾಯಮೂರ್ತಿ ಎ. ಜೆ. ಸದಾಶಿವ ಸಮಿತಿ ಆ ದೂರುಗಳನ್ನು ಕೇಳಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಇಷ್ಟೆಲ್ಲ ಹಿಂಸೆಯ ನಂತರವೂ ವೀರಪ್ಪನ್ ವರ್ಷಗಟ್ಟಲೆ ಕಾಡಿನಲ್ಲೇ ಇದ್ದ. ಕೊನೆಗೆ 2004ರ ಅಕ್ಟೋಬರ್ 18ರಂದು ಅವನನ್ನು ಮುಗಿಸಿದ್ದು ಅವನ ಗುಂಪಿನೊಳಗೆ ವಿಶ್ವಾಸ ಗಳಿಸಿ ಸೇರಿಕೊಂಡ ಪೊಲೀಸರು, ಕಣ್ಣಿನ ಚಿಕಿತ್ಸೆಗೆಂದು ಅವನನ್ನು ಹತ್ತಿಸಿಕೊಂಡ ಆಂಬುಲೆನ್ಸ್. ಹಳ್ಳಿಗರ ಬೆನ್ನಿನ ಮೇಲೆ ಸಿಗದ ದಾರಿ ತಾಳ್ಮೆಯಿಂದ ಸಿಕ್ಕಿತು.

ತಾಳ್ಮೆಯ ತನಿಖೆಗೆ ಉದಾಹರಣೆ ಹುಡುಕಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2022ರ ಜುಲೈಯಲ್ಲಿ ಬೈಂದೂರಿನ ಒತ್ತಿನೆಣೆ ಬಳಿ ಸುಟ್ಟು ಕರಕಲಾದ ಕಾರೊಂದು ಸಿಕ್ಕಿತು, ಒಳಗೆ ಗುರುತೇ ಸಿಗದ ದೇಹ. ಸತ್ತವನು ಕಾರಿನ ಒಡೆಯನೇ ಎಂದು ಜನ ನಂಬಲಿ ಎಂಬುದೇ ಹೂಟವಾಗಿತ್ತು. ಪೊಲೀಸರು ಕಾರಿನ ಮೂಲ ಹುಡುಕಿದರು, ರಾಷ್ಟ್ರೀಯ ಹೆದ್ದಾರಿ 66ರ ಸಾಸ್ತಾನ ಟೋಲ್ ಗೇಟಿನಲ್ಲಿ ಅದು ದಾಟಿದ ಸಿಸಿಟಿವಿ ದೃಶ್ಯ ನೋಡಿದರು. ತನ್ನ ಮೇಲಿನ ಪ್ರಕರಣದಿಂದ ತಪ್ಪಿಸಿಕೊಳ್ಳಲು ಒಡೆಯ ಪರಿಚಯದ ಬೇರೊಬ್ಬನನ್ನು ಸುಟ್ಟು, ತಾನೇ ಸತ್ತಂತೆ ತೋರಿಸಿದ್ದಾನೆ ಎಂಬ ಆರೋಪದಲ್ಲಿ ಕೆಲವೇ ದಿನಗಳಲ್ಲಿ ಬಂಧನಗಳಾದವು. ಟೋಲ್ ಗೇಟಿನ ಕ್ಯಾಮೆರಾಕ್ಕೆ ಯಾರ ಭಯವೂ ಇಲ್ಲ, ಯಾರನ್ನು ಮೆಚ್ಚಿಸುವ ಅಗತ್ಯವೂ ಇಲ್ಲ. ನ್ಯಾಯಾಲಯದಲ್ಲಿ ನಿಲ್ಲುವುದು ಅಂಥ ಸಾಕ್ಷ್ಯ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ ಸಾಕ್ಷ್ಯವೇ ಅಲ್ಲ, ಅದರ ಬಲದಿಂದ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗವನ್ನು ಬಿಟ್ಟು. ಹಾಗಾಗಿ ಲಾಠಿಯನ್ನು ನಂಬಿ ಸಾಕ್ಷ್ಯ ಹುಡುಕದ ಅಧಿಕಾರಿ ನಿಜವಾದ ಅಪರಾಧಿಗೇ ಬಾಗಿಲು ತೆರೆದುಕೊಡುತ್ತಾನೆ. ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಮಂಪರು ಪರೀಕ್ಷೆಯಲ್ಲಿ ಸುಳ್ಳು ಹೇಳಲಾಗದು ಎಂಬುದು ತಪ್ಪು. ಒಪ್ಪಿಗೆಯಿಲ್ಲದೆ ಅದನ್ನು ಮಾಡುವುದೇ ಸಂವಿಧಾನಬಾಹಿರ ಎಂದು ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಬಾಂಬ್ ಸಿಡಿಯಲು ಹತ್ತು ನಿಮಿಷ ಇದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಸಿನಿಮಾದ್ದು. ಆ ಹತ್ತು ನಿಮಿಷ ಸುಳ್ಳು ವಿಳಾಸ ಹೇಳಿ ದೂಡುವುದು ಬಾಂಬ್ ಇಟ್ಟವನಿಗೆ ಎಲ್ಲಕ್ಕಿಂತ ಸುಲಭ.

ಇಷ್ಟಾಗಿಯೂ ಈ ನಂಬಿಕೆ ಸಾಯದಿರುವುದಕ್ಕೆ ಒಂದು ಕಾರಣವಿದೆ. ನಂಬುವವರ ಮೈಮೇಲೆ ಆ ಲಾಠಿ ಬೀಳುವುದಿಲ್ಲ. 2021ರ ಡಿಸೆಂಬರಿನಲ್ಲಿ ಕೋಟತಟ್ಟಿನ ಕೊರಗ ಕಾಲನಿಯ ಮೆಹಂದಿ ಕಾರ್ಯಕ್ರಮಕ್ಕೆ ನುಗ್ಗಿ ಪೊಲೀಸರು ಲಾಠಿ ಬೀಸಿದರು. ಠಾಣಾಧಿಕಾರಿ ಅಮಾನತಾದರು, ಪೆಟ್ಟು ತಿಂದವರ ಮೇಲೂ ಪ್ರಕರಣ ಬಿತ್ತು. ಅದು ವಿಚಾರಣೆಯಲ್ಲ, ಡಿಜೆ ಸದ್ದಿನ ದೂರು. ಆದರೆ ಲಾಠಿ ಯಾರ ಅಂಗಳಕ್ಕೆ ಅಷ್ಟು ಸಲೀಸಾಗಿ ಹೋಗುತ್ತದೆ ಎಂಬುದನ್ನು ಅದು ತೋರಿಸಿತು. ದುಡ್ಡು, ಜಾತಿ, ವಕೀಲರ ಬಲವಿಲ್ಲದವನ ಬಾಯಿಂದ ಬಂದದ್ದನ್ನು ಸತ್ಯವೆಂದು ಒಪ್ಪುವ ಸಮಾಜ ವಾಟ್ಸಾಪಿನಲ್ಲಿ ಬಂದ ಮಕ್ಕಳ ಕಳ್ಳರ ಸುದ್ದಿಯನ್ನೂ ನಂಬುತ್ತದೆ, ಬೀದಿಯಲ್ಲಿ ಗುಂಪು ಕೊಟ್ಟ ತೀರ್ಪನ್ನೂ ನಂಬುತ್ತದೆ. ಮೂರಕ್ಕೂ ಬೇರು ಒಂದೇ, ಸಾಕ್ಷ್ಯ ಕೇಳುವ ಅಭ್ಯಾಸ ಇಲ್ಲದಿರುವುದು. ಪ್ರತಿ ಠಾಣೆಯಲ್ಲೂ, ವಿಚಾರಣಾ ಕೊಠಡಿಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಆದೇಶಿಸಿದೆ. ನಮ್ಮ ಊರಿನ ಠಾಣೆಯಲ್ಲಿ ಅದು ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆರೋಪಿ ಒಪ್ಪಿಕೊಂಡ ಎಂಬ ಸುದ್ದಿ ಬಂದಾಗ ಅವನು ಏನು ಹೇಳಿದ ಎಂದು ಕೇಳುವುದನ್ನು ಬಿಟ್ಟು, ಅದಕ್ಕೆ ಸಾಕ್ಷ್ಯ ಏನಿದೆ ಎಂದು ಕೇಳೋಣ. ಪ್ರಾಮಾಣಿಕವಾಗಿ ದುಡಿಯುವ ತನಿಖಾಧಿಕಾರಿಗೂ, ನ್ಯಾಯಕ್ಕಾಗಿ ಕಾದಿರುವ ಸಂತ್ರಸ್ತರ ಮನೆಯವರಿಗೂ ನಾವು ಮಾಡಬಹುದಾದ ಉಪಕಾರ ಅದು.