ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ ಡಿಜಿಟಲ್ ತಂತ್ರಜ್ಞಾನ

ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ ಡಿಜಿಟಲ್ ತಂತ್ರಜ್ಞಾನ ಎಂಬುದು, ಶಿಕ್ಷಕ ವೃತ್ತಿಗೆ ಸಿದ್ಧರಾಗುತ್ತಿರುವ ಪ್ರಶಿಕ್ಷಣಾರ್ಥಿಗಳು ಗಣಕಯಂತ್ರ, ಅಂತರಜಾಲ, ಮೊಬೈಲ್ ಮತ್ತು ತಂತ್ರಾಂಶಗಳನ್ನು ತಮ್ಮ ವಿಷಯದ ಬೋಧನೆಗೂ ವಿದ್ಯಾರ್ಥಿಗಳ ಕಲಿಕೆಗೂ ಬಳಸಲು ಪಡೆಯುವ ವ್ಯವಸ್ಥಿತ ಶಿಕ್ಷಣವಾಗಿದೆ. ಭಾರತದಲ್ಲಿ ಇದು ಮುಖ್ಯವಾಗಿ ಬಿ.ಎಡ್. ಪದವಿಯ ಅಂಗವಾಗಿ ನಡೆಯುತ್ತದೆ. ಗಣಕಯಂತ್ರ ನಡೆಸುವುದನ್ನು ಕಲಿಸುವುದು ಇದರ ಮೊದಲ ಮೆಟ್ಟಿಲು ಮಾತ್ರ. ಯಾವ ಪಾಠಕ್ಕೆ ಯಾವ ಸಾಧನ ಹೊಂದುತ್ತದೆ, ಯಾವ ಪಾಠಕ್ಕೆ ಕಪ್ಪುಹಲಗೆಯೇ ಸಾಕು ಎಂಬ ವಿವೇಚನೆಯನ್ನು ಬೆಳೆಸುವುದು ಇದರ ಮುಖ್ಯ ಗುರಿ.

ಹಿನ್ನೆಲೆ

ಭಾರತದ ಶಾಲಾ ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆ ಆಕಾಶವಾಣಿ ಮತ್ತು ದೂರದರ್ಶನಗಳಿಂದ ಆರಂಭವಾಯಿತು. 1975-76ರಲ್ಲಿ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಆ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯನ್ನೂ ಈ ಪ್ರಯೋಗದ ಮೂಲಕ ನೀಡಲಾಯಿತು. 1984-85ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯು ಬಿಬಿಸಿ ಮೈಕ್ರೊ ಗಣಕಯಂತ್ರಗಳನ್ನು ಆಯ್ದ ಪ್ರೌಢಶಾಲೆಗಳಿಗೆ ತಂದಿತು. 2004ರಲ್ಲಿ ಶಾಲೆಗಳಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಯೋಜನೆ ಜಾರಿಗೆ ಬಂದಿತು. ಅದೇ ವರ್ಷ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವನ್ನು ಉಡಾಯಿಸಲಾಯಿತು.

ಈ ಯೋಜನೆಗಳಲ್ಲಿ ಹಲವೆಡೆ ಖಾಸಗಿ ಸಂಸ್ಥೆಗಳು ಯಂತ್ರಗಳನ್ನು ಅಳವಡಿಸಿ, ನಿಗದಿತ ಅವಧಿಗೆ ತಮ್ಮದೇ ಬೋಧಕರನ್ನು ನೇಮಿಸಿ, ಬಳಿಕ ಅವನ್ನು ಶಾಲೆಗೆ ಹಸ್ತಾಂತರಿಸುವ ಪದ್ಧತಿ ಇತ್ತು. ಇದರಿಂದ ಗಣಕಯಂತ್ರವು ಪ್ರತ್ಯೇಕ ವಿಷಯವಾಗಿ ಉಳಿದು, ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ಅದರಿಂದ ದೂರವಾದರು ಎಂಬ ಟೀಕೆ ವ್ಯಕ್ತವಾಯಿತು. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಶಾಲೆಯ ಶಿಕ್ಷಕರಿಗೇ ತರಬೇತಿ ನೀಡುವ ಬೇರೆ ದಾರಿಯನ್ನು ಹಿಡಿಯಿತು. ಕರ್ನಾಟಕದಲ್ಲಿ 2010ರ ದಶಕದಲ್ಲಿ ರೂಪುಗೊಂಡ ವಿಷಯ ಶಿಕ್ಷಕರ ವೇದಿಕೆ ಮತ್ತು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಜಾಲತಾಣಗಳು ಸೇವಾನಿರತ ಶಿಕ್ಷಕರೇ ಪರಸ್ಪರ ಕಲಿಯುವುದಕ್ಕೂ ಕನ್ನಡದಲ್ಲಿ ಬೋಧನಾ ಸಾಮಗ್ರಿ ರಚಿಸುವುದಕ್ಕೂ ಅವಕಾಶ ಕಲ್ಪಿಸಿದವು.

ಬಿ.ಎಡ್. ಪಠ್ಯಕ್ರಮದಲ್ಲಿ ಸ್ಥಾನ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಎಡ್. ಅವಧಿಯನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ವಿಸ್ತರಿಸಿತು. ಇದರಲ್ಲಿ ವೃತ್ತಿ ಸಾಮರ್ಥ್ಯವನ್ನು ವರ್ಧಿಸುವ ನಾಲ್ಕು ಪತ್ರಿಕೆಗಳಿವೆ. ಪಠ್ಯಗಳ ಓದು ಮತ್ತು ಚಿಂತನೆ, ಶಿಕ್ಷಣದಲ್ಲಿ ನಾಟಕ ಮತ್ತು ಕಲೆ, ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆ, ಸ್ವ-ಅರಿವು ಎಂಬುವು ಆ ನಾಲ್ಕು. ಮೂರನೆಯ ಪತ್ರಿಕೆಯ ಹೆಸರಿನಲ್ಲಿರುವ ‘ವಿಮರ್ಶಾತ್ಮಕ’ ಎಂಬ ವಿಶೇಷಣ ಗಮನಾರ್ಹ. ಸಾಧನವನ್ನು ಬಳಸುವುದರ ಜೊತೆಗೆ ಅದನ್ನು ಪ್ರಶ್ನಿಸುವುದೂ ಶಿಕ್ಷಕನ ಕರ್ತವ್ಯವೆಂದು ಅದು ಸೂಚಿಸುತ್ತದೆ.

2012ರ ಶಾಲಾ ಶಿಕ್ಷಣದಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ರಾಷ್ಟ್ರೀಯ ನೀತಿ ಹಾಗೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಗಳು ಶಿಕ್ಷಕರ ಸಿದ್ಧತೆಗೆ ಒತ್ತು ನೀಡಿವೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಸೇರಿದಂತೆ ಹಲವು ಸಂಸ್ಥೆಗಳು ಶಿಕ್ಷಕರ ಶಿಕ್ಷಣವನ್ನು ನೀಡುತ್ತಿವೆ.

ಸೈದ್ಧಾಂತಿಕ ಆಧಾರ

ವಿಷಯವನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲರೆಂದು ಹೇಳಲಾಗದು. ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1986ರಲ್ಲಿ, ವಿಷಯಜ್ಞಾನ ಮತ್ತು ಬೋಧನಾಜ್ಞಾನಗಳು ಬೆರೆತಾಗ ಉಂಟಾಗುವ ವಿಶಿಷ್ಟ ಜ್ಞಾನವೊಂದನ್ನು ಗುರುತಿಸಿದರು. 2006ರಲ್ಲಿ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಹ್ಲರ್ ಇದಕ್ಕೆ ತಂತ್ರಜ್ಞಾನವನ್ನು ಸೇರಿಸಿ ರೂಪಿಸಿದ ಚೌಕಟ್ಟು ‘ಟಿಪ್ಯಾಕ್’ ಎಂದು ಪ್ರಸಿದ್ಧವಾಗಿದೆ. ಇದರ ಪ್ರಕಾರ ವಿಷಯ, ಬೋಧನೆ, ತಂತ್ರಜ್ಞಾನ ಈ ಮೂರರ ಜ್ಞಾನವನ್ನು ಬೇರೆಬೇರೆಯಾಗಿ ಪಡೆದರೆ ಸಾಲದು. ಅವು ಕೂಡುವ ಸ್ಥಳದಲ್ಲಿಯೇ ಪರಿಣಾಮಕಾರಿ ಪಾಠ ಹುಟ್ಟುತ್ತದೆ. ಆದಕಾರಣ ಗಣಕಯಂತ್ರದ ತರಗತಿಯನ್ನು ಬೋಧನಾ ವಿಧಾನದ ತರಗತಿಯಿಂದ ಪ್ರತ್ಯೇಕಿಸುವುದು ಈ ದೃಷ್ಟಿಯಲ್ಲಿ ದೋಷಯುಕ್ತ.

ಯುನೆಸ್ಕೊ 2008ರಲ್ಲಿ ಶಿಕ್ಷಕರಿಗಾಗಿ ಸಾಮರ್ಥ್ಯ ಚೌಕಟ್ಟೊಂದನ್ನು ಪ್ರಕಟಿಸಿ, 2011 ಮತ್ತು 2018ರಲ್ಲಿ ಪರಿಷ್ಕರಿಸಿತು. ಮೂರನೆಯ ಆವೃತ್ತಿಯಲ್ಲಿ 18 ಸಾಮರ್ಥ್ಯಗಳಿದ್ದು, ಅವುಗಳನ್ನು ಜ್ಞಾನಾರ್ಜನೆ, ಜ್ಞಾನದ ಆಳವಾಗಿಸುವಿಕೆ ಮತ್ತು ಜ್ಞಾನಸೃಷ್ಟಿ ಎಂಬ ಮೂರು ಹಂತಗಳಲ್ಲಿ ಜೋಡಿಸಲಾಗಿದೆ.

ವಿಷಯವಾರು ಬಳಕೆ

ಗಣಿತ: ಮಾರ್ಕಸ್ ಹೋಹೆನ್‌ವಾರ್ಟರ್ ರೂಪಿಸಿದ ಜಿಯೋಜಿಬ್ರಾ ತಂತ್ರಾಂಶದಲ್ಲಿ ಒಂದೇ ವೃತ್ತಖಂಡದ ಕೋನಗಳು ಸಮ ಎಂಬ ಪ್ರಮೇಯವನ್ನು ತೋರಿಸಬಹುದು. ವೃತ್ತದ ಮೇಲಿನ ಬಿಂದುವನ್ನು ಎಳೆದಾಗ ಕೋನದ ಅಳತೆ ಬದಲಾಗುವುದಿಲ್ಲ. ಬಿಂದು ಜ್ಯಾದ ಇನ್ನೊಂದು ಬದಿಗೆ ದಾಟಿದೊಡನೆ ಅಳತೆ ಬದಲಾಗಿ, ಮೊದಲಿನ ಕೋನದೊಡನೆ ಕೂಡಿದರೆ 180 ಡಿಗ್ರಿಯಾಗುತ್ತದೆ. ಈ ಬದಲಾವಣೆ ಏಕೆಂದು ವಿದ್ಯಾರ್ಥಿಗಳು ಕೇಳುವಂತೆ ಮಾಡಿದರೆ ಚಕ್ರೀಯ ಚತುರ್ಭುಜದ ಪಾಠಕ್ಕೆ ದಾರಿ ತೆರೆಯುತ್ತದೆ. ಆದರೆ ಹತ್ತು ಬಾರಿ ನೋಡಿದ್ದು ಸಾಧನೆಯಾಗದು. ಪ್ರಮೇಯವನ್ನು ನೋಟುಪುಸ್ತಕದಲ್ಲಿ ಹೆಜ್ಜೆಹೆಜ್ಜೆಯಾಗಿ ಸಾಧಿಸಲೇಬೇಕು.

ವಿಜ್ಞಾನ: ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳಲ್ಲಿ ವಿದ್ಯುನ್ಮಂಡಲವನ್ನು ಕಟ್ಟಿ ಓಮನ ನಿಯಮವನ್ನು ಪರೀಕ್ಷಿಸಬಹುದು. ನಿಜವಾದ ಪ್ರಯೋಗದಲ್ಲಿ ತಂತಿ ಸಡಿಲವಾಗಿರಬಹುದು, ಕೋಶ ಕ್ಷೀಣಿಸಿರಬಹುದು, ಬಿಂದುಗಳು ಸರಳರೇಖೆಯ ಮೇಲೆ ನಿಖರವಾಗಿ ಬೀಳದಿರಬಹುದು. ಈ ದೋಷಗಳನ್ನು ಹುಡುಕುವುದೂ ವಿಜ್ಞಾನದ ಕಲಿಕೆಯೇ ಆದ್ದರಿಂದ ಅನುಕರಣೆಯು ಪ್ರಯೋಗಶಾಲೆಗೆ ಪೂರಕವೇ ಹೊರತು ಪರ್ಯಾಯವಲ್ಲ.

ಸಮಾಜ ವಿಜ್ಞಾನ: ಇಸ್ರೋದ ಭುವನ್ ಜಾಲತಾಣದ ಉಪಗ್ರಹ ಚಿತ್ರಗಳಲ್ಲಿ ತಮ್ಮ ಊರಿನ ಕೆರೆ, ಕಾಲುವೆ, ಸಾಗುವಳಿ ಭೂಮಿಗಳನ್ನು ಗುರುತಿಸಿ, ಹಿರಿಯರು ಹೇಳುವ ಹಿಂದಿನ ಸ್ಥಿತಿಯೊಡನೆ ಹೋಲಿಸುವ ಚಟುವಟಿಕೆಯನ್ನು ಯೋಜಿಸಬಹುದು.

ಭಾಷೆ: ಹಳಗನ್ನಡ ಪದ್ಯದ ವಾಚನವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಮರಳಿ ಕೇಳಿದಾಗ, ಪದಗಳನ್ನು ತಪ್ಪು ಸ್ಥಳದಲ್ಲಿ ಒಡೆದು ಓದಿದ್ದು ವಿದ್ಯಾರ್ಥಿಗೇ ಗೋಚರಿಸುತ್ತದೆ.

ಕನ್ನಡ ಮಾಧ್ಯಮದ ಅಗತ್ಯಗಳು

ಕನ್ನಡದಲ್ಲಿ ಬೆರಳಚ್ಚು ಮಾಡುವುದು ಪ್ರಶಿಕ್ಷಣಾರ್ಥಿಗೆ ಮೂಲಭೂತ ಕೌಶಲ. ಹಳೆಯ ಮಾದರಿಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯು, ಆ ಶೈಲಿಯಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಅದನ್ನು ಅಂತರಜಾಲದಲ್ಲಿ ಕನ್ನಡ ಪದಗಳಿಂದ ಹುಡುಕಲೂ ಆಗದು. ಯುನಿಕೋಡ್ ಬಳಸಿದರೆ ಈ ತೊಡಕು ನಿವಾರಣೆಯಾಗುತ್ತದೆ. ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳು ಬಳಸುವ ಎನ್‌ವಿಡಿಎಯಂತಹ ಉಚಿತ ಪರದೆವಾಚಕಗಳು ಯುನಿಕೋಡ್ ಪಠ್ಯವನ್ನು ಕನ್ನಡದಲ್ಲಿ ಓದಬಲ್ಲವು. ಪಾಠವನ್ನು ಚಿತ್ರರೂಪದಲ್ಲಿ ಹಂಚಿದರೆ ಆ ವಿದ್ಯಾರ್ಥಿಗಳು ಅದರಿಂದ ವಂಚಿತರಾಗಬಹುದು. ಹೀಗೆ ಅಕ್ಷರಶೈಲಿಯ ಆಯ್ಕೆಯು ಕಲಿಕೆಯ ಸಮಾನತೆಯ ಪ್ರಶ್ನೆಯೂ ಆಗಿದೆ.

2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಸಾಮಗ್ರಿಗಳನ್ನು ಪಠ್ಯಪುಸ್ತಕಗಳಲ್ಲಿ ಮುದ್ರಿತವಾದ ಕ್ಯೂಆರ್ ಸಂಕೇತದ ಮೂಲಕ ನೋಡಬಹುದು. ಸಿದ್ಧ ವೀಡಿಯೊವನ್ನು ಪೂರ್ಣವಾಗಿ ನೋಡಿ, ತರಗತಿಗೆ ಬೇಕಾದ ಭಾಗವನ್ನು ಮಾತ್ರ ಆರಿಸಿ, ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದು ಪ್ರಶಿಕ್ಷಣಾರ್ಥಿ ರೂಢಿಸಿಕೊಳ್ಳಬೇಕಾದ ಕ್ರಮ.

ಬೋಧನಾಭ್ಯಾಸ ಮತ್ತು ಇಂಟರ್ನ್‌ಶಿಪ್

2014ರ ನಿಯಮಾವಳಿಯಂತೆ ಎರಡು ವರ್ಷಗಳಲ್ಲಿ ಒಟ್ಟು 20 ವಾರಗಳ ಶಾಲಾ ಅನುಭವ ಕಡ್ಡಾಯ. ಕಾಲೇಜಿನಲ್ಲಿ ಕಲಿತ ತಂತ್ರಜ್ಞಾನದ ನಿಜವಾದ ಪರೀಕ್ಷೆ ಇಲ್ಲಿಯೇ ನಡೆಯುತ್ತದೆ. ಸೂಕ್ಷ್ಮಬೋಧನೆಯ ಪಾಠವನ್ನು ವೀಡಿಯೊದಲ್ಲಿ ದಾಖಲಿಸಿ ಸಹಪಾಠಿಗಳೊಡನೆ ವಿಮರ್ಶಿಸುವುದು, ಪಾಠಯೋಜನೆಯಲ್ಲಿ ಸಾಧನದ ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆಯುವುದು, ವಿದ್ಯುತ್ ಕಡಿತಗೊಂಡರೆ ಅದೇ ಪಾಠವನ್ನು ಮುಂದುವರಿಸುವ ಪರ್ಯಾಯ ಯೋಜನೆ ಇಟ್ಟುಕೊಳ್ಳುವುದು ಉಪಯುಕ್ತ ಅಭ್ಯಾಸಗಳು. ಸ್ಲೈಡುಗಳಲ್ಲಿ ಪಠ್ಯಪುಸ್ತಕದ ವಾಕ್ಯಗಳನ್ನೇ ತುಂಬಿ ಓದಿಹೇಳುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಇದರಲ್ಲಿ ಸಾಧನ ಹೊಸದಾದರೂ ಬೋಧನೆ ಹಳೆಯದೇ ಆಗಿರುತ್ತದೆ.

ಹಕ್ಕುಸ್ವಾಮ್ಯ ಮತ್ತು ಸುರಕ್ಷತೆ

1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು, ಬೋಧನೆಯ ಸಂದರ್ಭದಲ್ಲಿ ಕೃತಿಗಳನ್ನು ಬಳಸಲು ಕೆಲವು ವಿನಾಯಿತಿಗಳನ್ನು ನೀಡಿದೆ. ಆದರೂ ಮೂಲ ಕರ್ತೃವಿನ ಹೆಸರನ್ನು ಸೂಚಿಸುವ ಶಿಸ್ತು ಅಗತ್ಯ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಸಾಮಗ್ರಿಗಳನ್ನು ಅವುಗಳ ನಿಬಂಧನೆಗೆ ಒಳಪಟ್ಟು ಹಂಚಿಕೊಳ್ಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಪ್ರೌಢಶಾಲೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಈ ವ್ಯಾಪ್ತಿಗೆ ಬರುವುದರಿಂದ, ಅವರ ಭಾವಚಿತ್ರ, ಅಂಕ, ದೂರವಾಣಿ ಸಂಖ್ಯೆಗಳನ್ನು ಸಾಮಾಜಿಕ ಜಾಲತಾಣದ ಗುಂಪುಗಳಲ್ಲಿ ಹಂಚುವಾಗ ಎಚ್ಚರ ವಹಿಸಬೇಕು.

ಸವಾಲುಗಳು

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಈ ತರಬೇತಿಯ ಮಹತ್ವವೂ ಮಿತಿಯೂ ಒಟ್ಟಿಗೆ ಬೆಳಕಿಗೆ ಬಂದವು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳ ಮಕ್ಕಳನ್ನು ಆನ್‌ಲೈನ್ ತರಗತಿ ತಲುಪಲಿಲ್ಲ. ಒಂದೇ ಫೋನ್ ಇದ್ದ ಮನೆಗಳಲ್ಲಿ ಅದು ಯಾರಿಗೆ ಸಿಗಬೇಕೆಂಬ ಪ್ರಶ್ನೆ ಎದುರಾಯಿತು. ಕರ್ನಾಟಕದಲ್ಲಿ ಜಾರಿಗೆ ಬಂದ ವಿದ್ಯಾಗಮ ಕಾರ್ಯಕ್ರಮದಡಿ ಶಿಕ್ಷಕರು ಮಕ್ಕಳಿದ್ದ ಕಡೆಗೇ ಹೋಗಿ ಪಾಠ ಮಾಡಿದರು. ದೂರದರ್ಶನದ ಚಂದನ ವಾಹಿನಿಯೂ ಪಾಠಗಳನ್ನು ಪ್ರಸಾರ ಮಾಡಿತು.

ಉಪಕರಣಗಳ ಕೊರತೆ ಮತ್ತು ಅಂತರಜಾಲದ ಅಸ್ಥಿರತೆಗಳು ಇಂದಿಗೂ ಮುಖ್ಯ ಅಡಚಣೆಗಳು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒತ್ತಡದಲ್ಲಿ ಪಠ್ಯ ಮುಗಿಸುವುದೇ ಆದ್ಯತೆಯಾದಾಗ ಹೊಸ ವಿಧಾನಗಳಿಗೆ ಅವಕಾಶ ಕುಗ್ಗುತ್ತದೆ. ಶಿಕ್ಷಕರನ್ನು ತಯಾರಿಸುವ ಪ್ರಾಧ್ಯಾಪಕರೇ ತಮ್ಮ ಬೋಧನೆಯಲ್ಲಿ ಸಾಧನಗಳನ್ನು ಬಳಸದಿದ್ದರೆ ಪ್ರಶಿಕ್ಷಣಾರ್ಥಿಗಳಿಗೆ ಅನುಸರಿಸಲು ಮಾದರಿಯೇ ಇರುವುದಿಲ್ಲ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಪಾಠಯೋಜನೆಯನ್ನು ಕ್ಷಣಮಾತ್ರದಲ್ಲಿ ಬರೆದುಕೊಡುತ್ತಿರುವುದರಿಂದ, ಯೋಜಿಸುವ ಸಾಮರ್ಥ್ಯವನ್ನು ಹೇಗೆ ಬೆಳೆಸುವುದು, ಅದನ್ನು ಹೇಗೆ ಅಳೆಯುವುದು ಎಂಬ ಪ್ರಶ್ನೆಗಳು ಬಿ.ಎಡ್. ಕಾಲೇಜುಗಳ ಮುಂದಿವೆ. ಆ ಸಾಧನಗಳು ನೀಡುವ ಮಾಹಿತಿಯಲ್ಲಿ ತಪ್ಪುಗಳಿರುವ ಸಾಧ್ಯತೆ ಇರುವುದರಿಂದ, ಅವನ್ನು ಗುರುತಿಸಲು ಬೇಕಾದ ವಿಷಯಜ್ಞಾನದ ಮಹತ್ವ ಕಡಿಮೆಯಾಗಿಲ್ಲ.