ಹತ್ತಿಯ ಹೊಲದಿಂದ ಅರಮನೆ ಮೈದಾನಕ್ಕೆ

2003ರ ಏಪ್ರಿಲ್ 4ರ ಸಂಜೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಆಂಗ್ಲ ನಾಡಿನ 'ರೋಲಿಂಗ್ ಸ್ಟೋನ್ಸ್' ಮೇಳ ಹಾಡಿತು. ಭಾರತದಲ್ಲಿ ಈ ರಾಕ್ ಮೇಳದ ಮೊಟ್ಟಮೊದಲ ಕಛೇರಿ ಅದು. ಮುಂಬಯಿಯ ಸರದಿ ಬಂದುದು ಮೂರು ದಿನಗಳ ಅನಂತರ. ಗಾಯಕ ಮಿಕ್ ಜಾಗರ್, ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಇಬ್ಬರಿಗೂ ಆಗ ಐವತ್ತೊಂಬತ್ತರ ವಯಸ್ಸು. ಮೇಳಕ್ಕೆ ನಲವತ್ತು ತುಂಬಿದ ನೆನಪಿಗಾಗಿ ನಲವತ್ತು ಹಾಡುಗಳ 'ಫಾರ್ಟಿ ಲಿಕ್ಸ್' ಸಂಪುಟ ಹಿಂದಿನ ವರ್ಷವಷ್ಟೇ ಹೊರಬಂದಿದ್ದಿತು.

ಇಷ್ಟು ಕಾಲ ಬಾಳಿದ ಹಾಡಿನ ಬೇರು ಎಲ್ಲಿಯದು? ಬಳ್ಳಾರಿ ಸೀಮೆಯ ಎರೆಹೊಲಗಳನ್ನು ಬಲ್ಲ ವಾಚಕರಿಗೆ ಉತ್ತರ ಪರಕೀಯವೆನಿಸಲಾರದು: ಹತ್ತಿಯ ಹೊಲದ್ದು!

ಕಂಕುಳಲ್ಲಿದ್ದ ತಟ್ಟೆಗಳು

1961ರಲ್ಲಿ ಡಾರ್ಟ್‌ಫರ್ಡ್ ಪಟ್ಟಣದ ರೈಲು ನಿಲ್ದಾಣದಲ್ಲಿ ಬಾಲ್ಯಪರಿಚಿತರಾದ ಈ ತರುಣರಿಬ್ಬರು ಮತ್ತೆ ಸಂಧಿಸಿದರು. ಜಾಗರ್ ಅವರ ಕಂಕುಳಲ್ಲಿದ್ದ ಗಾನತಟ್ಟೆಗಳೇ ಮಾತಿಗೆ ಪೀಠಿಕೆಯಾದುವು. ಅವುಗಳಲ್ಲೊಂದು ಅಮೆರಿಕದ ಕಪ್ಪುಜನರ ಗಾಯಕ ಮಡಿ ವಾಟರ್ಸ್ ಅವರದು. ಮಿಸಿಸಿಪ್ಪಿಯ ಹತ್ತಿಯ ಹೊಲಗಳಲ್ಲಿ ದುಡಿದು ಬೆಳೆದ ಜೀವ ಅದು. ಆ ದುಡಿಮೆಯ ನೋವಿನಿಂದ ಹುಟ್ಟಿದ ಹಾಡುಗಾರಿಕೆಗೆ 'ಬ್ಲೂಸ್' ಎಂದು ಹೆಸರು. ವಾಟರ್ಸ್ ಅವರ 1950ರ ಹಾಡೊಂದರಿಂದಲೇ ಹೆಸರನ್ನು ಪಡೆದ ಮೇಳ, 1962ರ ಜುಲೈ 12ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ರಂಗವೇರಿತು.

1964ರಲ್ಲಿ ಇವರು ಹಾಡಿದ 'ಲಿಟ್ಲ್ ರೆಡ್ ರೂಸ್ಟರ್' ಎಂಬ ಬ್ಲೂಸ್ ಗೀತೆ ಬ್ರಿಟನ್ನಿನಲ್ಲಿ ಅಗ್ರಸ್ಥಾನಕ್ಕೇರಿತು. 1965ರ 'ಸ್ಯಾಟಿಸ್‌ಫ್ಯಾಕ್ಷನ್' ಅಮೆರಿಕವನ್ನೂ ಗೆದ್ದಿತು; ಅದರ ಗಿಟಾರಿನ ಪಲುಕು ರಿಚರ್ಡ್ಸ್ ಅವರಿಗೆ ನಿದ್ದೆಯಲ್ಲಿ ಹೊಳೆದುದಂತೆ. 1966ರ 'ಪೇಂಟ್ ಇಟ್ ಬ್ಲ್ಯಾಕ್' ಗೀತೆಯಲ್ಲಿ ಬ್ರಯಾನ್ ಜೋನ್ಸ್ ನುಡಿಸಿದ್ದು ನಮ್ಮ ಸಿತಾರನ್ನು! ಅದೇ ವರ್ಷದ 'ಆಫ್ಟರ್‌ಮ್ಯಾತ್' ಸಂಪುಟದಲ್ಲಿ ಎಲ್ಲವೂ ಸ್ವಂತ ರಚನೆಗಳೇ. 'ಬೆಗರ್ಸ್ ಬ್ಯಾಂಕ್ವೆಟ್' (1968), 'ಲೆಟ್ ಇಟ್ ಬ್ಲೀಡ್' (1969), 'ಸ್ಟಿಕಿ ಫಿಂಗರ್ಸ್' (1971), 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' (1972) – ಈ ನಾಲ್ಕು ಸಂಪುಟಗಳನ್ನು ರಸಿಕರು ಮೇಳದ ಶಿಖರವೆಂದು ಎಣಿಸುತ್ತಾರೆ.

ಅಂಕಿತದ ಪ್ರಶ್ನೆ

ಆದರೆ ಶಿಖರದಲ್ಲಿಯೂ ಒಂದು ಕಲೆಯುಂಟು. 'ಬೆಗರ್ಸ್ ಬ್ಯಾಂಕ್ವೆಟ್'ನ 'ಪ್ರಾಡಿಗಲ್ ಸನ್' ಗೀತೆಯ ಕರ್ತೃಗಳೆಂದು ಮೊದಲ ತಟ್ಟೆಗಳ ಮೇಲೆ ಅಚ್ಚಾದ ಹೆಸರು ಜಾಗರ್ ಮತ್ತು ರಿಚರ್ಡ್ಸ್ ಅವರದು. ನಿಜವಾದ ಕರ್ತೃ ರಾಬರ್ಟ್ ವಿಲ್ಕಿನ್ಸ್ ಎಂಬ ಕಪ್ಪುಜನರ ಪಾದ್ರಿ. ತಪ್ಪನ್ನು ಅನಂತರ ತಿದ್ದಲಾಯಿತೇನೋ ನಿಜ. ಶಿಶುನಾಳ ಶರೀಫರ ಪದವನ್ನು ಯಾರೇ ಹಾಡಲಿ, ಕೊನೆಯಲ್ಲಿ ಬರುವ ಅಂಕಿತ ಒಡೆಯನನ್ನು ಸಾರಿಬಿಡುತ್ತದೆ. ಬ್ಲೂಸ್ ಹಾಡಿಗೆ ಅಂತಹ ಕಾವಲಿರಲಿಲ್ಲ.

ಋಣವನ್ನು ಮೇಳ ಮರೆತಿತೆಂದೂ ಹೇಳಲಾಗದು. 1965ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದಕ್ಕೆ ಆಹ್ವಾನ ಬಂದಾಗ, 'ರೂಸ್ಟರ್' ಗೀತೆಯನ್ನು ಮೊದಲು ಹಾಡಿದ್ದ ಹೌಲಿಂಗ್ ವುಲ್ಫ್ ಅವರೂ ಅಲ್ಲಿ ಹಾಡುವಂತೆ ಮಾಡಿ, ಶಿಷ್ಯರಂತೆ ಅವರ ಪದತಲದಲ್ಲಿ ಕುಳಿತು ಕೇಳಿದರು. 2016ರ 'ಬ್ಲೂ ಅಂಡ್ ಲೋನ್‌ಸಮ್' ಸಂಪುಟವಿಡೀ ಹಳೆಯ ಬ್ಲೂಸ್ ಗೀತೆಗಳೇ. 2018ರಲ್ಲಿ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಸಂದಿತು. 2023ರ 'ಹ್ಯಾಕ್ನಿ ಡೈಮಂಡ್ಸ್' ಸಂಪುಟದ ಕಡೆಯ ಹಾಡು, ಮೇಳಕ್ಕೆ ಹೆಸರು ಕೊಟ್ಟ ಆ ಮಡಿ ವಾಟರ್ಸ್ ಅವರ ಗೀತೆಯೇ. ಎಂಬತ್ತರ ಹರೆಯದ ಗೆಳೆಯರಿಬ್ಬರೇ ಅದನ್ನು ಹಾಡಿ ನುಡಿಸಿದ್ದಾರೆ.

ಉಜ್ಜಿನಿ, ಕೊಟ್ಟೂರು, ಹಡಗಲಿಯ ಸೀಮೆಯಲ್ಲಿಯೂ ಬೀಸುವ ಪದ, ಹಂತಿಯ ಪದಗಳಿಗೆ ಅಂಕಿತವಿಲ್ಲ. ಕಟ್ಟಿದವರಾರೋ, ಹಾಡಿ ಉಳಿಸಿದವರಾರೋ! ಇಂದು ಅಂಗೈಯ ಫೋನಿನಲ್ಲಿಯೇ ಹಾಡನ್ನು ಹಿಡಿದಿಡಬಹುದು. ಹಾಗೆ ಹಿಡಿದಿಡುವ ತರುಣರು, ಹಾಡಿದ ಅಜ್ಜಿಯ ಹೆಸರನ್ನೂ ಊರನ್ನೂ ಅದರೊಡನೆ ಬರೆದಿಡುವುದು ಒಳ್ಳೆಯದು.