ಸ್ಟೂಡಿಬೇಕರ್: ಬಂಡಿಯ ಕುಲುಮೆಯಿಂದ ಕಾರಿನ ಕಾರ್ಖಾನೆಗೆ

ಅಮೆರಿಕದ ಮೋಟಾರು ಉದ್ಯಮವೆಂದೊಡನೆ ಫೋರ್ಡ್ ನೆನಪಾಗುವುದು ಸಹಜ. ಆದರೆ ಹೆನ್ರಿ ಫೋರ್ಡ್ ಜನಿಸುವುದಕ್ಕೆ 11 ವರ್ಷ ಮೊದಲೇ, 1852ರಲ್ಲಿ, ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಸ್ಟೂಡಿಬೇಕರ್ ಸಹೋದರರಾದ ಹೆನ್ರಿ ಮತ್ತು ಕ್ಲೆಮ್ 68 ಡಾಲರ್ ಬಂಡವಾಳದಿಂದ ಕುಲುಮೆಯೊಂದನ್ನು ತೆರೆದಿದ್ದರು. ಅವರ ತಮ್ಮ ಜಾನ್ ಚಿನ್ನವನ್ನರಸಿ ಕ್ಯಾಲಿಫೋರ್ನಿಯಾಕ್ಕೆ ಹೋದವನು. ಅಲ್ಲಿ ಗಣಿಗಾರರಿಗೆ ಒಂಟಿಚಕ್ರದ ಕೈಗಾಡಿಗಳನ್ನು ಮಾಡಿ ಮಾರಿ, 1858ರಲ್ಲಿ 8,000 ಡಾಲರ್‌ಗಳೊಡನೆ ಮರಳಿದ. ಚಿನ್ನಕ್ಕಿಂತ ಕೈಗಾಡಿಯೇ ಲಾಭ ತಂದಿತೆಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಾಗಿಲ್ಲ. ಆ ಹಣ ಬಂಡಿ ತಯಾರಿಕೆಗೆ ವಿನಿಯೋಗವಾಯಿತು. ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ಬಂಡಿ ಪೂರೈಸಿ ಸಂಸ್ಥೆ ಬೃಹತ್ತಾಗಿ ಬೆಳೆಯಿತು.

ಮೋಟಾರು ಬಂದಾಗ ಬಹುತೇಕ ಬಂಡಿ ತಯಾರಕರು ನೆಲಕಚ್ಚಿದರು. ಸ್ಟೂಡಿಬೇಕರ್ 1902ರಲ್ಲಿ ವಿದ್ಯುತ್ ಕಾರನ್ನೂ 1904ರಲ್ಲಿ ಪೆಟ್ರೋಲ್ ಕಾರನ್ನೂ ಹೊರತಂದಿತು. ಹಳೆಯ ಕಸುಬನ್ನು ಥಟ್ಟನೆ ಕೈಬಿಡದೆ, ಕುದುರೆ ಬಂಡಿಗಳನ್ನು 1920ರವರೆಗೂ ತಯಾರಿಸಿದ್ದು ಜಾಣತನವೇ ಸರಿ.

ಪತನದ ಬೀಜ ಎಲ್ಲಿತ್ತು? ಅಧ್ಯಕ್ಷ ಆಲ್ಬರ್ಟ್ ಅರ್ಸ್‌ಕಿನ್ ಅವರು 1930ರ ಆರ್ಥಿಕ ಮುಗ್ಗಟ್ಟಿನಲ್ಲಿಯೂ ಗಳಿಸಿದ ಲಾಭಕ್ಕಿಂತ ಹಲವು ಪಟ್ಟು ಹೆಚ್ಚಿನ ಲಾಭಾಂಶವನ್ನು ಷೇರುದಾರರಿಗೆ ಹಂಚಿದರು. ಮೀಸಲು ನಿಧಿ ಕರಗಿತು. 1933ರಲ್ಲಿ ಸಂಸ್ಥೆ ನ್ಯಾಯಾಲಯದ ಉಸ್ತುವಾರಿಗೆ ಒಳಗಾಯಿತು. ಅದೇ ವರ್ಷ ಅರ್ಸ್‌ಕಿನ್ ಆತ್ಮಹತ್ಯೆ ಮಾಡಿಕೊಂಡರು. ಹಾಫ್‌ಮನ್ ಮತ್ತು ವಾನ್ಸ್ ಅವರ ನೇತೃತ್ವದಲ್ಲಿ ಸಂಸ್ಥೆ ಚೇತರಿಸಿಕೊಂಡಿತಾದರೂ ಎರಡನೆಯ ಪೆಟ್ಟನ್ನು ತಾಳಲಾರದಾಯಿತು. 1954ರಲ್ಲಿ ಪ್ಯಾಕಾರ್ಡ್‌ನೊಡನೆ ವಿಲೀನವಾದ ಮೇಲಷ್ಟೇ ತಿಳಿದುಬಂದ ಸತ್ಯವೆಂದರೆ, ನಷ್ಟವಿಲ್ಲದೆ ನಡೆಯಲು ಸ್ಟೂಡಿಬೇಕರ್ ವರ್ಷಕ್ಕೆ 2,80,000ಕ್ಕೂ ಹೆಚ್ಚು ಕಾರುಗಳನ್ನು ಮಾರಬೇಕಿತ್ತು; ಮಾರಾಟ ಅದರ ಹತ್ತಿರಕ್ಕೂ ಬರಲಿಲ್ಲ. ಲೆಕ್ಕಪತ್ರಗಳನ್ನು ಕೂಲಂಕಷವಾಗಿ ಪರಿಶೀಲಿಸದೆ ಸಹಿ ಹಾಕಿದ ಪ್ಯಾಕಾರ್ಡ್‌ನವರದೂ ತಪ್ಪಿದೆ. ಪ್ಯಾಕಾರ್ಡ್ ಹೆಸರಿನ ಕಾರುಗಳು 1958ಕ್ಕೇ ಕೊನೆಗೊಂಡವು. 1959ರ ‘ಲಾರ್ಕ್’ ಎಂಬ ಚಿಕ್ಕ ಕಾರು ಅಲ್ಪಕಾಲ ಉಸಿರು ನೀಡಿತಷ್ಟೆ.

1963ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನಗಳಿರುವಾಗ, ಸೌತ್ ಬೆಂಡ್ ಕಾರ್ಖಾನೆಯಲ್ಲಿ ಕಾರು ತಯಾರಿಕೆ ನಿಂತಿತು. ಕಾರ್ಮಿಕರಿಗೆ ಪಿಂಚಣಿಯ ಭರವಸೆ ಇತ್ತು, ಅದಕ್ಕೆ ತಕ್ಕ ನಿಧಿ ಇರಲಿಲ್ಲ. ನಿವೃತ್ತರಿಗೂ 60 ದಾಟಿದ ಅರ್ಹರಿಗೂ ಪೂರ್ತಿ ಸಂದಿತು. 40ರಿಂದ 59 ವಯಸ್ಸಿನ ಸುಮಾರು 4,000 ಮಂದಿಗೆ ಸಲ್ಲಬೇಕಾದುದರ ಶೇ. 15ರಷ್ಟು ಮಾತ್ರ ದೊರೆಯಿತು. ಅವರಿಗಿಂತ ಕಿರಿಯರಿಗೆ ಏನೂ ಇಲ್ಲ. ಇದರಲ್ಲಿ ಕಾನೂನಿನ ಉಲ್ಲಂಘನೆಯೇನೂ ಇರಲಿಲ್ಲವೆಂಬುದೇ ಅಮೆರಿಕವನ್ನು ಹೆಚ್ಚು ಕಲಕಿತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಉಳಿದಿದ್ದ ತಯಾರಿಕೆ 1966ರ ಮಾರ್ಚ್‌ನಲ್ಲಿ ನಿಂತಿತು. ಪಿಂಚಣಿ ನಿಧಿಗಳಿಗೆ ಕನಿಷ್ಠ ಹಣ ತೊಡಗಿಸುವುದನ್ನು ಕಡ್ಡಾಯಗೊಳಿಸಿ, ಅವುಗಳಿಗೆ ವಿಮಾ ರಕ್ಷಣೆ ಒದಗಿಸಿದ ಕಾಯಿದೆ ಅಮೆರಿಕದಲ್ಲಿ ಜಾರಿಗೆ ಬಂದದ್ದು 1974ರಲ್ಲಿ.